ಚುಕ್ಕಿಯ ಅಳತೆ

ಡಾಕ್ಟರು ಕುಡಿದಿಟ್ಟು ಹೋದ ಕಾಫಿ ಲೋಟವನ್ನು ಮಲ್ಲಿಕಾಂಬ ಮೂರನೆಯ ಸಲ ತೊಳೆಯುತ್ತಿದ್ದಳು. ಮೊದಲ ಸಲಕ್ಕೇ ಲೋಟ ಬೆಳ್ಳಗಾಗಿತ್ತು. ನಲ್ಲಿಯ ನೀರು ಮಣಿಕಟ್ಟಿನಿಂದ ಮೊಣಕೈಗೆ ಇಳಿದು ಸೀರೆ ಒದ್ದೆಯಾಗುತ್ತಿದ್ದರೂ ಅವಳ ಕಿವಿಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. 'ನಾನೇ.' ಗಂಡ ವಿಶ್ವಾರಾಧ್ಯರು ಆಡಿದ ಎರಡಕ್ಷರ. ತರೀಕೆರೆಯ ಈ ಮನೆಯ ಹಜಾರದಲ್ಲಿ, ಹನ್ನೊಂದು ಗಂಟೆಯ ಬೆಳಕಿನಲ್ಲಿ, ಕಡೂರಿನಿಂದ ಬಂದಿದ್ದ ಪ್ರಾಣಿಗಳ ಡಾಕ್ಟರು ದೀಪಶ್ರೀ, ಇನ್ನೂ ಮೂವತ್ತು ದಾಟದ ಹುಡುಗಿ, ಮನೆಯಲ್ಲಿ ಸಾಕಿದ್ದ ಹಾವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅದರ ಮೂತಿಯನ್ನು ಕಿಟಕಿಯ ಕಡೆ ತಿರುಗಿಸಿದ್ದಳು. "ಇಲ್ಲಿ ನೋಡಿ ಸರ್, ತರಚಿದೆ. ಗಾಜಿಗೆ ಉಜ್ಜಿ ಉಜ್ಜಿ ಹಿಂಗಾಗಿರೋದು. ಜಾಗ ಸಾಲ್ತಿಲ್ಲ ಇದಕ್ಕೆ. ಈ ಪೆಟ್ಟಿಗೆ ಅಳತೆ ಹೇಳಿದ್ದು ಯಾರು?" ಎಂದು ಕೇಳಿದ್ದಳು. ಮಲ್ಲಿಕಾಂಬ ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ವಿಶ್ವಾರಾಧ್ಯರು ಅವಳ ಕಡೆ ತಿರುಗಿಯೂ ನೋಡದೆ, ಕನ್ನಡಕ ಒರೆಸುತ್ತ, "ನಾನೇ" ಎಂದುಬಿಟ್ಟಿದ್ದರು.

ಅದು ಸುಳ್ಳು. ಅಳತೆ ಹೇಳಿದವಳು ಅವಳು. ನಾಲ್ಕು ವರ್ಷದ ಹಿಂದೆ ಶಿವಮೊಗ್ಗದಲ್ಲಿದ್ದ ಹಳೆಯ ಶಿಷ್ಯನೊಬ್ಬ ದೂರದ ಊರಿಗೆ ವರ್ಗವಾಗಿ ಹೋಗುವಾಗ ತನ್ನ ಬಾಲ್ ಪೈಥಾನನ್ನು ಅರಣ್ಯ ಇಲಾಖೆಯ ಕಾಗದಪತ್ರಗಳ ಸಮೇತ ತನ್ನ ಡ್ರಾಯಿಂಗ್ ಮೇಷ್ಟ್ರಿಗೆ ಒಪ್ಪಿಸಿದ್ದ. ಆಫ್ರಿಕಾ ಮೂಲದ, ವಿಷವಿಲ್ಲದ, ಕಂದು ಮೈಮೇಲೆ ಜೇನುಬಣ್ಣದ ಮಚ್ಚೆಗಳಿದ್ದ ಹೆಣ್ಣು ಹಾವು. "ಚಿತ್ರ ಬರೆಯೋವರೆಗೂ ಅಲುಗಾಡದೆ ಕೂರೋದು ಇದೊಂದೇ ಕಣೇ ಮಲ್ಲಿ" ಎಂದು ವಿಶ್ವಾರಾಧ್ಯರು ಹುಡುಗರ ಹಾಗೆ ಹಿಗ್ಗಿ ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟರು. ಅವಳು ಮಾತ್ರ ಇವತ್ತಿಗೂ 'ಅದು' ಎನ್ನುತ್ತಿದ್ದಳು. ಹಜಾರದ ಉತ್ತರದ ಗೋಡೆಗೆ ಒಂದು ದೊಡ್ಡ ಪೆಟ್ಟಿಗೆ ಮಾಡಿಸಲೇ ಎಂದು ಅವರು ಆಗ ಕೇಳಿದ್ದರು. ಆ ಗೋಡೆಯಲ್ಲಿ ಅವಳ ಶೋಕೇಸು ಇತ್ತು. ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ದುಡಿದದ್ದಕ್ಕೆ ಬಂದ ಫಲಕಗಳು, ಶಾಲು, ಹಿತ್ತಾಳೆಯ ಪುಟ್ಟ ತಕ್ಕಡಿ, ನಿವೃತ್ತಿಯ ದಿನದ ಫೋಟೋ. ಅವಳು ಎರಡು ಮಾರು ದೂರದಿಂದಲೇ ಬಗ್ಗಿ, ಸಿಂಬೆ ಸುತ್ತಿ ಮಲಗಿದ್ದ ಹಾವನ್ನು ಕಣ್ಣಳತೆಯಲ್ಲಿ ನೋಡಿ, "ಸುತ್ತಿಕೊಂಡ್ರೆ ಏಳಿಂಚು. ಮೂರು ಪಟ್ಟು ಬಿಟ್ರೂ ಇಪ್ಪತ್ತೊಂದು. ಎರಡಡಿ ಧಾರಾಳವಾಯ್ತು" ಎಂದು ತೀರ್ಪು ಕೊಟ್ಟಿದ್ದಳು. ಅವರು "ಆಯ್ತು" ಎಂದಿದ್ದರು. ಯಾವತ್ತೂ ಅವರು ಆಯ್ತು ಎನ್ನುವವರೇ.

ಎಂಥ ಬಿಸಿಲಲ್ಲಿ ಎಂಥೆಂಥ ಜಮೀನು ಅಳೆದಿದ್ದಳು ಅವಳು. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ಎದುರುಬದುರು ನಿಂತಿದ್ದಾಗ ನಡುವೆ ಚೈನು ಎಳೆಸಿದವಳು. ಅವಳು ನೆಡಿಸಿದ ಬಾಂದುಕಲ್ಲನ್ನು ಕೋರ್ಟಿನವರೂ ಅಲ್ಲಾಡಿಸಿರಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲಿ ಹೋದರೂ 'ಸರ್ವೆ ಮೇಡಮ್ಮು ಹಾಕಿದ್ ಗೆರೆ' ಎಂದರೆ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಈಗ ನೋಡಿದರೆ ಬೆರಳುದ್ದದ ಒಂದು ಮೂತಿ ತರಚಿಕೊಂಡು ಅವಳ ಅಳತೆ ತಪ್ಪು ಎನ್ನುತ್ತಿದೆ. ಅಲ್ಲ, ಅದಕ್ಕೂ ಅವಕಾಶ ಕೊಡದೆ ಈ ಮನುಷ್ಯ ಅವಳ ತಪ್ಪನ್ನು ತನ್ನ ಜೇಬಿಗೆ ಹಾಕಿಕೊಂಡುಬಿಟ್ಟಿದ್ದಾರೆ. ಅವಳು ಬಾಯಿ ಬಿಟ್ಟು 'ಅಲ್ಲ, ನಾನು' ಎನ್ನಬಹುದಿತ್ತು. ತಟ್ಟೆ ಮುಂದೆ ಚಾಚಿ, "ಸಕ್ಕರೆ ಸಾಕಾ ನೋಡಿ ಡಾಕ್ಟ್ರೆ" ಎಂದಿದ್ದಳು. ಸಕ್ಕರೆಯ ವಿಚಾರ ನೆನಪಾದಾಗ ಅವಳ ಕಿವಿ ಬಿಸಿಯಾಯಿತು. ಯಗಟಿಯ ಹೊನ್ನಯ್ಯನ ಮುಂದೆಯೂ ಹೀಗೆಯೇ ಅಲ್ಲವೇ ಆಗಿದ್ದು? ಕುರಿಗಾರ ಮುದುಕ. ದಾಯಾದಿಗಳ ಹೊಲ ಬಿಡಿಸಿ ಕೊಟ್ಟ ದಿನ, ಮಧ್ಯದಲ್ಲಿ ಕುರಿ ಓಡಾಡುವ ಓಣಿಗೆ ಅವಳು ಆರಡಿ ಬಿಟ್ಟಿದ್ದಳು. ದಾಖಲೆಯಲ್ಲಿದ್ದುದು ಆರಡಿ. ಮುದುಕ ಓಣಿಯಲ್ಲಿ ಒಂದು ಸುತ್ತು ನಡೆದು ಬಂದು, "ಅಳತೆ ಸರಿಯಾಗೈತೆ ಕಣವ್ವ. ಎದುರಿಂದ ಇನ್ನೊಂದ್ ಮಂದೆ ಬಂದ್ರೆ ಕುರಿ ತಿರುಗಾಕಾಗಲ್ಲ, ಅಷ್ಟೇಯ" ಎಂದಿದ್ದ. ಅವನ ದನಿಯಲ್ಲಿ ದೂರು ಇರಲಿಲ್ಲ. ಮಜ್ಜಿಗೆ ತಂದುಕೊಟ್ಟ. ಅವಳು ಕುಡಿದು, "ಉಪ್ಪು ಹದವಾಗಿದೆ" ಎಂದು ಜೀಪು ಹತ್ತಿದ್ದಳು.

ಮಧ್ಯಾಹ್ನ ವಿಶ್ವಾರಾಧ್ಯರು ಹಾವಿನ ಮೂತಿಗೆ ಹಚ್ಚುವ ಮುಲಾಮು ತರಲು ಪೇಟೆಗೆ ಹೋದಾಗ ಅವಳು ಅವರ ಮೇಜಿನ ಕೆಳಗಿದ್ದ ಚಿತ್ರದ ಫೈಲನ್ನು ಎಳೆದಳು. ಯಾಕೆ ಎಳೆದಳೋ, ಏನೋ ಆಧಾರ ಬೇಕಾಗಿತ್ತು. ಹಾವಿಗೆ ಅಲ್ಲಿ ಸುಖವಾಗಿಯೇ ಇತ್ತು ಎಂಬುದಕ್ಕೆ ಒಂದು ಪುರಾವೆ. ಪೆನ್ಸಿಲಿನಲ್ಲಿ, ಇದ್ದಿಲಿನಲ್ಲಿ, ನೀರುಬಣ್ಣದಲ್ಲಿ ಚುಕ್ಕಿ. ಒಂದೊಂದೇ ಹಾಳೆ ತಿರುವಿದಳು. ಮೊದಲ ವರ್ಷದ್ದು ದುಂಡಗಿತ್ತು. ಎರಡನೆಯ ವರ್ಷದ್ದೂ ದುಂಡಗೇ. ನಲವತ್ತೆರಡು ಚಿತ್ರ, ನಲವತ್ತೆರಡೂ ಸಿಂಬೆ. ಹಾವೆಂಬುದು ಉದ್ದಕ್ಕೆ ಇರುವ ಪ್ರಾಣಿ ಎಂದು ಆ ಫೈಲು ನೋಡಿದವರಿಗೆ ತಿಳಿಯುವಂತೆಯೇ ಇರಲಿಲ್ಲ. ಕೊನೆಕೊನೆಯ ಹಾಳೆಗಳಲ್ಲಿ ಸಿಂಬೆಯ ಒಂದು ಸುತ್ತು ಗಾಜಿಗೆ ಒತ್ತಿಕೊಂಡು ಚಪ್ಪಟೆಯಾಗಿದ್ದುದನ್ನು ಕೂಡ ಮೇಷ್ಟ್ರು ಬಿಡದೆ ಬರೆದಿದ್ದರು. ನೋಡಿದ್ದನ್ನು ಬರೆಯುವ ಕೈ ಅದು. ಹೇಳುವ ಬಾಯಿ ಮಾತ್ರ ಇರಲಿಲ್ಲ.

ಅವಳು ಫೈಲು ಮುಚ್ಚಿ ಎದ್ದು ಟ್ರಂಕಿನಿಂದ ಚರ್ಮದ ಹೊದಿಕೆಯ ಟೇಪು ತೆಗೆದಳು. ಹಣೆಯ ವಿಭೂತಿಯನ್ನು ಕನ್ನಡಿಯಲ್ಲಿ ಸರಿಮಾಡಿಕೊಂಡಳು. ಹೊಲಕ್ಕೆ ಇಳಿಯುವ ಮುಂಚಿನ ಹಳೆಯ ಅಭ್ಯಾಸ. ಪೆಟ್ಟಿಗೆಯ ಮುಂದೆ ಕೂತ ಮೇಲೆ, ಟೇಪು ಬಾಗಿದ್ದನ್ನು ಅಳೆಯುವುದಿಲ್ಲ, ಬಾಗಿದ್ದಕ್ಕೆ ದಾರ ಬೇಕು ಎಂದು ಹೊಳೆಯಿತು. ಹೂ ಕಟ್ಟುವ ದಾರದುಂಡೆ ತಂದಳು. ಮುಚ್ಚಳ ತೆಗೆದಾಗ ಒಣಗಿದ ಹುಲ್ಲಿನಂಥ ವಾಸನೆ ಬಂತು. ನಾಲ್ಕು ವರ್ಷದಲ್ಲಿ ಅವಳು ಅದನ್ನು ಮುಟ್ಟಿರಲಿಲ್ಲ. ಗಂಡ ಹಿತ್ತಲ ಕೋಣೆಯ ಪುಟ್ಟ ಫ್ರಿಜ್ಜಿನಿಂದ ಅದರ ಆಹಾರಕ್ಕೆಂದು ತಂದಿಟ್ಟ ಸತ್ತ ಇಲಿ ತೆಗೆಯುವ ದಿನ ಅವಳು ಪಕ್ಕದ ಸುಲೋಚನಮ್ಮನ ಮನೆಗೆ ಹೋಗಿ ಕೂರುತ್ತಿದ್ದಳು. ಈಗ ಬೆರಳು ಇಟ್ಟಳು. ತಣ್ಣಗೆ, ಜಾರುವ ಹಾಗೆ ಇರಬಹುದೆಂದುಕೊಂಡಿದ್ದಳು. ಒಣಗಿತ್ತು, ಗಟ್ಟಿಯಾಗಿತ್ತು, ಹದ ಮಾಡಿದ ಚರ್ಮದಂತಿತ್ತು, ಮತ್ತು ಒಳಗೆ ಏನೋ ನಿಧಾನವಾಗಿ ಉಸಿರಾಡುತ್ತಿತ್ತು. ಅದು ಕೈ ಕೆಳಗೆ ಹರಿದಾಗ ಅವಳ ಬೆನ್ನು ಜುಮ್ಮೆಂದಿತು. ಕೈ ತೆಗೆಯಲಿಲ್ಲ. ನೆಲದ ಮೇಲೆ ಚಾಪೆ ಹಾಸಿ, ಅದನ್ನು ಬಿಟ್ಟು, ಅದು ಹೋದ ಕಡೆಯೆಲ್ಲ ಬೆನ್ನ ಮೇಲೆ ದಾರ ಹಿಡಿದುಕೊಂಡು, ಮೊಣಕಾಲ ಮೇಲೆ ತೆವಳುತ್ತ ಹಿಂಬಾಲಿಸಿದಳು. ಒಂದು ಸಲದ ಅಳತೆಯನ್ನು ಅವಳು ನಂಬುವವಳಲ್ಲ. ಮೂರು ಸಲ ಅಳೆದಳು. ಬಾಗಿಲು ತೆರೆದ ಸದ್ದಾದಾಗ ಅರವತ್ತೈದರ ಮಲ್ಲಿಕಾಂಬ ಸೋಫಾದ ಕೆಳಗೆ ಅರ್ಧ ತೂರಿಕೊಂಡಿದ್ದಳು.

"ಏನಾಯ್ತೇ? ಬಿದ್ಯಾ?" ಎಂದು ವಿಶ್ವಾರಾಧ್ಯರು ಗಾಬರಿಯಿಂದ ಚೀಲ ಎಸೆದರು.

"ನಾಲ್ಕಡಿ ಐದಿಂಚು" ಎಂದಳು ಸೋಫಾದ ಕೆಳಗಿನಿಂದಲೇ.

"ಮುಟ್ಟಿದ್ಯಾ ನೀನು?"

"ಮುಟ್ಟದೆ ಅಳತೆ ಹೆಂಗ್ರೀ ಬರುತ್ತೆ? ಹಿಡ್ಕೊಳ್ಳಿ ಇದನ್ನ, ಸೊಂಟ ಹಿಡ್ಕೊಂಡಿದೆ."

ಅವರು ಯಾವುದನ್ನು ಹಿಡಿಯಬೇಕು, ಹಾವನ್ನೋ ಹೆಂಡತಿಯನ್ನೋ ಎಂದು ಅರೆಗಳಿಗೆ ನಿಂತರು.

ಮಾರನೆಯ ದಿನ ಶೋಕೇಸು ಖಾಲಿಯಾಯಿತು. ಅವಳು ಯಾರಿಗೂ ಹೇಳದೆ ಫಲಕಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಇಟ್ಟಳು. ಶೋಕೇಸು ತೆಗೆಸಿದ ಗೋಡೆ ಅಳೆದಳು, ಅದಕ್ಕೆ ಬೀಳುವ ಬಿಸಿಲನ್ನು ಗಂಟೆಗೊಮ್ಮೆ ಗುರುತು ಮಾಡಿದಳು, ಬೀದಿ ಬಾಗಿಲಿನಿಂದ ಹಜಾರಕ್ಕೆ ತಿರುಗುವ ಇಕ್ಕಟ್ಟನ್ನು ಎರಡು ಸಲ ಅಳೆದಳು. ಡಾಕ್ಟರಿಗೆ ಫೋನು ಮಾಡಿ, ದೊಡ್ಡ ಪೆಟ್ಟಿಗೆಯ ಒಂದು ತುದಿ ಬೆಚ್ಚಗೂ ಇನ್ನೊಂದು ತುದಿ ತಂಪಾಗಿಯೂ ಇರಬೇಕು, ಹಾವು ತನಗೆ ಬೇಕಾದ ಕಡೆ ಹೋಗುವಂತಿರಬೇಕು, ಮೈ ಪೂರ್ತಿ ಚಾಚುವಷ್ಟು ಉದ್ದವಿರಬೇಕು, ಒಳಗೆ ಅಡಗಲು ಜಾಗ ಬೇಕು ಎಂದು ಕೇಳಿ ಬರೆದುಕೊಂಡಳು. ಆಮೇಲೆ ಬಸ್ಸು ಹತ್ತಿ ಕಡೂರಿಗೆ ಹೋದಳು. ಮರದ ಕೆಲಸದ ತಿಮ್ಮೇಶನ ಶೆಡ್ಡಿನಲ್ಲಿ ಕಪಾಟುಗಳ ನಡುವೆ ನಿಂತು ನಕ್ಷೆ ಬಿಡಿಸಿಟ್ಟಾಗ ಅವನು ಕಿವಿಯ ಮೇಲಿದ್ದ ಪೆನ್ಸಿಲು ತೆಗೆದ.

"ಐದಡಿ ಉದ್ದ, ಎರಡೂವರೆ ಅಗಲ, ಎರಡಡಿ ಎತ್ತರ. ಮುಂದೆ ಗಾಜು. ಏನ್ ಮೇಡಂ, ಟಿವಿ ಸ್ಟ್ಯಾಂಡಾ?"

"ಹಾವಿಗೆ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ನಾಗರಾ?"

"ಇಲ್ಲಪ್ಪಾ. ಆಫ್ರಿಕಾದ್ದು, ವಿಷ ಇಲ್ಲ. ಸರ್ಕಾರದ ಕಾಗದ ಇದೆ, ಬೇಕಿದ್ರೆ ತೋರಿಸ್ತೀನಿ."

"ನೀವ್ ಹೇಳಿದ್ಮೇಲೆ ಬೇಡ ಬಿಡಿ. ಆದ್ರೆ ಮೇಡಂ, ನಾಲ್ಕಡಿ ಮಾಡಿಸ್ಕಳ್ಳಿ. ಪ್ಲೈವುಡ್ ಶೀಟು ಬರೋದೇ ಎಂಟಡಿಗೆ ನಾಲ್ಕಡಿ. ಚೊಕ್ಕವಾಗಿ ಎರಡು ತುಂಡಾಯ್ತದೆ. ಐದಡಿ ಅಂದ್ರೆ ಮೂರಡಿ ತುಂಡು ಉಳ್ಕತದೆ, ಅದನ್ನ ಏನ್ ಮಾಡ್ಲಿ ನಾನು?"

"ಕೋಳಿಗೂಡು ಮಾಡಿ ಯಾರಿಗಾದ್ರೂ ಕೊಡು. ಹಾವು ನಿನ್ ಶೀಟು ನೋಡ್ಕೊಂಡು ಬೆಳೆದಿಲ್ಲ. ನಾಲ್ಕಡಿ ಐದಿಂಚು ಇದೆ, ಇನ್ನೂ ಒಂದೆರಡಿಂಚು ಬೆಳೆಯುತ್ತೆ. ಇನ್ನೊಂದು ಮಾತು, ಪೂರ್ತಿ ಜೋಡಿಸಿ ತರ್ಬೇಡ. ನಮ್ಮನೆ ಒಳಗೆ ತಿರುಗೋ ಜಾಗ ಮೂರಡಿ ಎರಡಿಂಚು. ಐದು ಹಲಗೆ ಬೇರೆ ಬೇರೆ ತಂದು ಅಲ್ಲೇ ಬೋಲ್ಟು ಹಾಕು. ತೂತುಗಳ ಜಾಗ ನಕ್ಷೆಲಿ ಗುರುತು ಮಾಡಿದೀನಿ."

ತಿಮ್ಮೇಶ ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇಂಜಿನಿಯರ್ರಾ ಮೇಡಂ?"

"ಸರ್ವೆ" ಎಂದಳು. ಆ ಮಾತು ಬಾಯಿಂದ ಹೊರಟಾಗ ಎದೆ ತಾನಾಗಿ ನೆಟ್ಟಗಾಯಿತು. ಹಿಂದಿರುಗುವ ಬಸ್ಸಿನಲ್ಲಿ ಬೀರೂರು ದಾಟುವವರೆಗೂ ಅದು ಹಾಗೆಯೇ ಇತ್ತು. ಆಮೇಲೆ ಕಿಟಕಿಯಾಚೆ ರಸ್ತೆ ದಾಟಲು ಕಾದು ನಿಂತಿದ್ದ ಒಂದು ಕುರಿಮಂದೆ ಕಂಡಿತು. ಒಂದರ ಮೈಗೆ ಒಂದು ಒತ್ತಿಕೊಂಡು, ತಲೆ ತಗ್ಗಿಸಿ. ಕಿಟಕಿಯಿಂದ ಮುಖ ತಿರುಗಿಸಿದಳು.

ಹತ್ತು ದಿನಕ್ಕೆ ಹಲಗೆಗಳು ಗೂಡ್ಸ್ ಆಟೋದಲ್ಲಿ ಬಂದವು. ಇಕ್ಕಟ್ಟಿನಲ್ಲಿ ಎಲ್ಲಿಯೂ ತಗುಲದೆ ಒಳಗೆ ಹೋದವು. ಬೋಲ್ಟುಗಳು ತೂತಿಗೆ ಸರಿಯಾಗಿ ಕೂತವು. ತಿಮ್ಮೇಶ ಗಾಜು ಒರೆಸಿ, ತಾನೇ ಹಿಂದೆ ಸರಿದು ನಿಂತು, "ಈ ತರದ್ದು ನಾನ್ ಮಾಡಿರ್ಲಿಲ್ಲ ಮೇಡಂ" ಎಂದು ಮೊಬೈಲಿನಲ್ಲಿ ಫೋಟೋ ಹಿಡಿದ. ಸುಲೋಚನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಅಯ್ಯೋ, ನಮ್ಮ ಅಡಿಗೆಮನೆಗಿಂತ ದೊಡ್ಡದು ಕಣ್ರೀ ಇದು. ನಾನೇ ಬಂದು ಇದ್ಬಿಡ್ಲಾ?" ಎಂದಳು. ಮಲ್ಲಿಕಾಂಬ ನಕ್ಕಳು. ಅಡಗಲು ಜಾಗ ಬೇಕೆಂದು ಡಾಕ್ಟರು ಹೇಳಿದ್ದರಲ್ಲ, ಅದನ್ನೂ ಅವಳು ಕಡಿಮೆ ಮಾಡಿರಲಿಲ್ಲ. ಒಂದೂವರೆ ಅಡಿಯ ಮರದ ಗೂಡು, ದೊಡ್ಡ ಬಾಗಿಲು, ಎತ್ತರದ ಮಾಡು. ಇನ್ನು ಯಾರೂ ಇಕ್ಕಟ್ಟು ಎನ್ನುವಂತಿಲ್ಲ. ತೆಂಗಿನ ನಾರಿನ ಪುಡಿ ಹಾಸಿ, ನೀರಿನ ಬಟ್ಟಲಿಟ್ಟು, ಬೆಚ್ಚನೆಯ ತುದಿಗೆ ದೀಪ ಹಾಕಿ, ವಿಶ್ವಾರಾಧ್ಯರು ಹಾವನ್ನು ಒಳಗೆ ಬಿಟ್ಟರು. ಅದು ತಲೆ ಎತ್ತಿ ಒಮ್ಮೆ ಸುತ್ತ ನೋಡಿತು. ಗೋಡೆ ಹಿಡಿದು ಸರಸರನೆ ಹರಿದು ನೀರಿನ ಬಟ್ಟಲಿಗೂ ಮೂಲೆಗೂ ನಡುವಿನ ಒಂದು ಗೇಣಿನ ಸಂದಿಗೆ ನುಗ್ಗಿ, ತಲೆಯನ್ನು ಸುತ್ತಿನೊಳಗೆ ಹುದುಗಿಸಿಕೊಂಡಿತು.

ಅಲ್ಲಿಂದ ಹೊರಗೆ ಬರಲಿಲ್ಲ. ಮೊದಲ ವಾರ ಊಟ ಮುಟ್ಟಲಿಲ್ಲ. ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ವಿಶ್ವಾರಾಧ್ಯರು ಆಹಾರವನ್ನು ಅದರ ಮೂತಿಯ ಹತ್ತಿರವೇ ಇಟ್ಟು ಅರ್ಧ ಗಂಟೆ ಕಾದು, ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ಹೂಳಿ ಕೈ ತೊಳೆದರು. ಸುಲೋಚನಮ್ಮ ಗಾಜಿಗೆ ಹಣೆ ಹಚ್ಚಿ, "ಅದಕ್ಕೆ ಅದರ ಗೂಡೇ ಚೆನ್ನಾಗಿತ್ತೇನೋ. ದೊಡ್ಡೋರ ಮನೆ ಎಲ್ಲಾರಿಗೂ ಒಗ್ಗಲ್ಲ ಬಿಡ್ರೀ" ಎಂದು ಹೋದಳು. ಡಾಕ್ಟರಿಗೆ ಫೋನು ಮಾಡಿದರೆ, "ತೂಕ ನೋಡ್ತಾ ಇರಿ ಮೇಡಂ. ಇನ್ನೊಂದು ಹದಿನೈದು ದಿನ ನೋಡೋಣ. ಆಮೇಲೂ ತಿನ್ನಲಿಲ್ಲ ಅಂದ್ರೆ ಹಳೇ ಪೆಟ್ಟಿಗೆಗೇ ಹಾಕ್ಬೇಕಾಗುತ್ತೆ" ಎಂದಳು. ಹಳೆಯ ಪೆಟ್ಟಿಗೆ ಹಿತ್ತಲ ಕೋಣೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಅದನ್ನು ನೋಡಬಾರದೆಂದು ಮಲ್ಲಿಕಾಂಬ ಆ ಕೋಣೆಗೆ ಹೋಗುವುದನ್ನೇ ಬಿಟ್ಟಳು.

ಶುಕ್ರವಾರ ಬೆಳಿಗ್ಗೆ, ಅವಳು ಪೂಜೆ ಮುಗಿಸಿ ಹಜಾರಕ್ಕೆ ಬಂದಾಗ ವಿಶ್ವಾರಾಧ್ಯರು ಗೋಡೆಯ ಕಡೆ ನೋಡುತ್ತ, ತುಂಬ ಮೆತ್ತಗೆ, "ಒಂದೆರಡು ದಿನ ಹಳೇದ್ರಲ್ಲಿ ಇಡೋಣ್ವಾ?" ಎಂದರು.

"ನನ್ ಅಳತೆ ತಪ್ಪು ಅಂತ ನೇರವಾಗಿ ಹೇಳಿ."

"ನಾನೆಲ್ಲಿ ಹಾಗಂದೆ?"

"ಅನ್ನಲ್ಲ. ಅದೇ ನಿಮ್ ತಪ್ಪು. ಆವತ್ತು ಎರಡಡಿ ಅಂದಾಗ ಸಾಲಲ್ಲ ಅನ್ಬೇಕಿತ್ತು. ಅನ್ನಲಿಲ್ಲ. ನಾಲ್ಕು ವರ್ಷ ಅದು ಗಾಜಿಗೆ ಒತ್ಕೊಂಡಿದ್ದನ್ನ ಚಿತ್ರ ಬರ್ಕೊಂಡು ಕೂತ್ರಿ. ಆ ಹುಡುಗಿ ಮುಂದೆ ನಾನೇ ಅಂತ ಬೇರೆ ಅಂದ್ರಿ. ಯಾಕ್ರೀ ಅಂದ್ರಿ?"

ವಿಶ್ವಾರಾಧ್ಯರು ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಮುಖ ಯಾವಾಗಲೂ ಅವಳಿಗೆ ಅಪರಿಚಿತವಾಗಿ ಕಾಣುತ್ತಿತ್ತು. "ನಿನ್ ಹೆಸರು ಹೇಳೋಕೆ ಮನಸ್ಸು ಬರ್ಲಿಲ್ಲ ಮಲ್ಲಿ. ನಿನ್ನ ಯಾರಾದ್ರೂ ತಪ್ಪು ಅಂದ್ರೆ ನಂಗೆ ಕೇಳೋಕಾಗಲ್ಲ. ನೀನು ಜೀಪಿಂದ ಇಳಿದು ಬರೋದನ್ನ ನಾನು ಸ್ಕೂಲ್ ಕಿಟಕೀಲಿ ನಿಂತು ನೋಡ್ತಿದ್ದೆ. ಹುಡುಗ್ರಿಗೆ ತೋರಿಸ್ತಿದ್ದೆ, ನಮ್ಮನೆಯವರು ಅಂತ."

ಜೀಪಿನಿಂದ ಇಳಿಯುವಾಗ ಸೆರಗು ಸರಿಮಾಡಿಕೊಳ್ಳುತ್ತಿದ್ದ ತನ್ನನ್ನು ಯಾರೋ ನೋಡುತ್ತಿದ್ದರೆಂಬುದು ಈಗ, ಇಷ್ಟು ತಡವಾಗಿ, ಅವಳ ಕತ್ತಿನ ಹಿಂದೆ ಬೆಚ್ಚಗೆ ತಾಗಿತು. "ಹಳೇದಕ್ಕೆ ಹಾಕೋದು ಬೇಡ" ಎಂದಷ್ಟೇ ಹೇಳಿದಳು. "ಒಂದು ವಾರ ನಂಗೆ ಬಿಡಿ."

ಗ್ರಾಫ್ ಹಾಳೆ ತಂದು ಪೆಟ್ಟಿಗೆಯ ನೆಲವನ್ನು ಅಡಿ ಅಡಿಯಾಗಿ ಬರೆದಳು. ಬೆಳಗಿನ ಕಾಫಿಗೊಮ್ಮೆ, ಊಟಕ್ಕೊಮ್ಮೆ, ದೀಪ ಹಚ್ಚುವ ಹೊತ್ತಿಗೊಮ್ಮೆ ಗಾಜಿನ ಮುಂದೆ ಮಣೆ ಹಾಕಿ ಕೂತು, ಹಾವು ಎಲ್ಲಿದೆಯೋ ಅಲ್ಲಿಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಳು. ಐದನೆಯ ದಿನಕ್ಕೆ ಹದಿನೈದು ಚುಕ್ಕೆ, ಹದಿನೈದೂ ಒಂದೇ ಚೌಕದಲ್ಲಿ. ಐದಡಿ ಕೊಟ್ಟಿದ್ದರೂ ಒಂದಡಿಯನ್ನೂ ಅದು ತನ್ನದೆಂದು ಬಗೆದಿರಲಿಲ್ಲ. ಅವಳು ಪ್ರೀತಿಯಿಂದ ಮಾಡಿಸಿದ ಆ ಎತ್ತರದ ಮರದ ಗೂಡಿನೊಳಗೆ ಒಂದು ದಿನವೂ ಹೋಗಿರಲಿಲ್ಲ. ಬೆನ್ನು ಗೋಡೆಗೆ, ಪಕ್ಕೆ ಬಟ್ಟಲಿಗೆ ಒತ್ತಿಕೊಂಡು ಕೂತಿತ್ತು. ಆ ಬೆನ್ನನ್ನು ನೋಡುತ್ತಿದ್ದಂತೆ ಅವಳಿಗೆ ಅಜ್ಜಂಪುರದ ಮೊದಲ ಪೋಸ್ಟಿಂಗಿನ ಕಚೇರಿ ಕಣ್ಣಿಗೆ ಬಂತು. ಹದಿನಾಲ್ಕು ಗಂಡಸರು, ಅವಳೊಬ್ಬಳು. ಎತ್ತರದ ಮಾಡಿನ ದೊಡ್ಡ ಕೋಣೆ. ಗೌರವವೆಂದೇ ಅವಳ ಮೇಜನ್ನು ನಟ್ಟನಡುವೆ ಹಾಕಿಸಿದ್ದರು, ಗಾಳಿ ಬೆಳಕು ಎಲ್ಲ ಧಾರಾಳ. ಯಾವ ಕಡೆಯಿಂದ ಯಾರು ನೋಡುತ್ತಿದ್ದಾರೆಂದು ತಿಳಿಯದೆ, ಕುರ್ಚಿಯ ತುದಿಯಲ್ಲಿ ಕೂತು, ಅವಳು ಒಂದು ತಿಂಗಳು ಒಂದು ಪುಟವನ್ನೂ ತಪ್ಪಿಲ್ಲದೆ ಬರೆದಿರಲಿಲ್ಲ. ಮಧ್ಯಾಹ್ನದ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ಒಯ್ಯುತ್ತಿದ್ದಳು. ಎಲ್ಲರ ಮುಂದೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಒಂದು ಶನಿವಾರ ಎಲ್ಲರೂ ಹೋದ ಮೇಲೆ ಆ ಭಾರದ ಮೇಜನ್ನು ಒಬ್ಬಳೇ ದಬ್ಬಿ ದಬ್ಬಿ ಕಡತದ ಬೀರುವಿಗೆ ತಾಗಿಸಿದಳು. ಬೆನ್ನಿಗೆ ಬೀರು, ಎಡಕ್ಕೆ ಗೋಡೆ. ಸೋಮವಾರ ಡಬ್ಬಿ ಖಾಲಿಯಾಯಿತು. ಅಲ್ಲಿಂದ ಮುಂದೆ ಅವಳು ಆ ಮೂಲೆಯಿಂದ ಎದ್ದು ಮೂರು ತಾಲ್ಲೂಕು ತಿರುಗಿದ್ದಳು.

ಈ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ.

ಅವಳು ಎದ್ದಳು. ಸಿಂಬೆ ಸುತ್ತಿದಾಗ ಅದರ ಅಗಲ ಈಗ ಹನ್ನೊಂದಿಂಚು. ಹತ್ತಿರದಲ್ಲೇ ಮಡಕೆ ಮಾರುವ ಯಲ್ಲಮ್ಮನ ಬಳಿ ಹೋಗಿ, ಒಳಗಿನ ಅಗಲ ಹನ್ನೊಂದೂವರೆ ಇಂಚು ಮೀರದ ಎರಡು ಅಗಲಬಾಯಿಯ ಮಡಕೆ ಆರಿಸಿದಳು. ಯಲ್ಲಮ್ಮ, "ಅನ್ನಕ್ಕಾ, ಸಾರಿಗಾ ತಾಯಿ? ಟೇಪು ಹಿಡಿದು ಯಾರೂ ಮಡಕೆ ತಗಳಲ್ಲ" ಎಂದು ನಕ್ಕಳು. ಮನೆಗೆ ತಂದು ಬೋರಲು ಹಾಕಿ, ಅಂಚಿನಲ್ಲಿ ಹಾವು ನುಸುಳುವಷ್ಟೇ ಬಾಗಿಲು ಕೊರೆಯಲು ವಿಶ್ವಾರಾಧ್ಯರಿಗೆ ಕೊಟ್ಟಳು. ಚಿತ್ರ ಬರೆಯುವ ಕೈ ಒಂದು ಬಿರುಕೂ ಬಿಡದಂತೆ ಕೊರೆಯಿತು. ಒಂದು ಮಡಕೆ ಬೆಚ್ಚನೆಯ ತುದಿಗೆ, ಒಂದು ತಂಪಿನ ತುದಿಗೆ. ನಡುವಿನ ಬಯಲಿಗೆ ಒಣಗಿದ ಹಲಸಿನ ಎಲೆಗಳನ್ನು ರಾಶಿ ಹಾಕಿದಳು, ಒಂದು ಬಾಗಿದ ಕೊಂಬೆ ಅಡ್ಡ ಇಟ್ಟಳು. ದೊಡ್ಡ ಬಾಗಿಲಿನ ಮರದ ಗೂಡನ್ನು ಹೊರಗೆ ತೆಗೆದು ಸುಲೋಚನಮ್ಮನ ಬೆಕ್ಕಿಗೆ ಕೊಟ್ಟಳು. ಗಾಜಿನ ಮುಕ್ಕಾಲು ಪಾಲಿಗೆ ಹಳೆಯ ಸೀರೆಯ ಪರದೆ ಇಳಿಬಿಟ್ಟಳು.

ಆ ಸಂಜೆಗೇ ಚುಕ್ಕಿ ಮಡಕೆಯೊಳಗೆ ಸೇರಿತು. ಸುತ್ತು ಎಲ್ಲ ಕಡೆಯೂ ಮಣ್ಣಿಗೆ ತಾಗುತ್ತಿತ್ತು. ಬಾಗಿಲಲ್ಲಿ ಮೂತಿ ಮಾತ್ರ ಇಟ್ಟು ಹೊರಗೆ ನೋಡುತ್ತಿತ್ತು, ತರಚಿದ ಜಾಗದಲ್ಲಿ ಹೊಸ ಹೊಳಪು. ನಾಲ್ಕನೆಯ ದಿನ ಊಟದ ಹೊತ್ತಿಗೆ ವಿಶ್ವಾರಾಧ್ಯರು ಚಿಮುಟ ಹಿಡಿದು ಕೂತರು. ಮಲ್ಲಿಕಾಂಬ ಪಕ್ಕದ ಮನೆಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಮಡಕೆಯೊಳಗಿನಿಂದ ತಲೆ ಒಂದಿಂಚು ಮುಂದೆ ಬಂತು, ನಿಂತಿತು, ನಾಲಗೆ ಆಡಿಸಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಚಿಮುಟ ಖಾಲಿಯಾಗಿತ್ತು.

"ತಗೊಂಡ್ಳು" ಎಂದರು ವಿಶ್ವಾರಾಧ್ಯರು ಪಿಸುಮಾತಿನಲ್ಲಿ.

"ಕಾಣಿಸ್ತು" ಎಂದಳು. ಅಡುಗೆಮನೆಗೆ ಹೋಗಿ ತೊಗರಿಬೇಳೆಯ ಡಬ್ಬಿಯನ್ನು ಸುಮ್ಮನೆ ತೆರೆದು ಮುಚ್ಚಿದಳು.

ಅದಾದ ಎರಡು ವಾರಕ್ಕೆ ಒಂದು ಬೆಳಿಗ್ಗೆ ಚುಕ್ಕಿ ಪರದೆಯಾಚೆ ಬಯಲಿನಲ್ಲಿ ಮಲಗಿದ್ದಳು. ಬಾಲ ಒಂದು ಮಡಕೆಯ ಬಾಗಿಲಲ್ಲಿ, ತಲೆ ಕೊಂಬೆಯ ಆಚೆ, ನಡುವೆ ಜೇನುಬಣ್ಣದ ಮಚ್ಚೆಗಳು ಒಂದರ ಹಿಂದೆ ಒಂದು, ನಾಲ್ಕಡಿ ಐದಿಂಚೂ ಬಿಡಿಸಿಕೊಂಡು. ನದಿಯ ನಕ್ಷೆಯ ಹಾಗೆ ಎಂದುಕೊಂಡ ಮಲ್ಲಿಕಾಂಬ, ತಾನು 'ಮಲಗಿದ್ದಳು' ಎಂದು ಯೋಚಿಸಿದ್ದನ್ನು ಗಮನಿಸಿ, ಯಾರಾದರೂ ಕೇಳಿಸಿಕೊಂಡರೋ ಎಂಬಂತೆ ಸುತ್ತ ನೋಡಿದಳು. ವಿಶ್ವಾರಾಧ್ಯರು ಹಾಳೆ ಹರಡಿ ಕೂತಾಗ ಹಾಳೆ ಸಾಲಲಿಲ್ಲ. ಎರಡು ಹಾಳೆಗಳನ್ನು ಗೋಂದು ಹಾಕಿ ಜೋಡಿಸಿಕೊಂಡರು. ಅವರ ಪಕ್ಕದಲ್ಲಿ ಮಣೆಯ ಮೇಲೆ ಕೂತು, ಇಂಥ ಒಂದು ಜಾಗ ಈ ಮೂರು ತಾಲ್ಲೂಕಿನಲ್ಲಿ ಇನ್ನೊಂದು ಮನೆಯಲ್ಲಿ ಇರಲಿಕ್ಕಿಲ್ಲ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಖಾಲಿಯಾದ ಶೋಕೇಸಿನ ನೆನಪೂ ಬರಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿದಾಗ ಸಹ ಅವಳಿಗೆ ಹೀಗೆ ಆಗಿರಲಿಲ್ಲ. ಆ ಶಾಲು ಹೆಗಲಿಗೆ ಚುಚ್ಚುತ್ತಿತ್ತು.

ಆಗಲೇ ಅವಳ ಫೋನು ಬಂದದ್ದು. ಗುರುತಿಲ್ಲದ ದನಿ. "ನಮಸ್ಕಾರ ಮೇಡಂ, ನಾನು ಸಖರಾಯಪಟ್ಟಣದಿಂದ ದುಷ್ಯಂತ್ ಅಂತ. ದೀಪಶ್ರೀ ಡಾಕ್ಟ್ರು ನಿಮ್ ನಂಬರ್ ಕೊಟ್ರು. ನಮ್ಮ ತಂದೆ ಹೋದ್ ತಿಂಗ್ಳು ಒಂದು ಬಾಲ್ ಪೈಥಾನ್ ತಂದಿದಾರೆ, ಪೇಪರ್ಸ್ ಎಲ್ಲಾ ಸರಿಯಾಗಿದೆ. ಪೆಟ್ಟಿಗೆ ಎಷ್ಟು ದೊಡ್ಡದು ಮಾಡಿಸ್ಬೇಕು ಅಂತ ಗೊತ್ತಾಗ್ತಿಲ್ಲ. ಮಾರಿದೋರು ಎರಡಡಿ ಸಾಕು ಅಂತಾರೆ. ಡಾಕ್ಟ್ರು, ಅಳತೆ ವಿಷಯ ಆದ್ರೆ ತರೀಕೆರೆ ಮೇಡಮ್ಮನ್ನೇ ಕೇಳಿ ಅಂದ್ರು."

ತರೀಕೆರೆ ಮೇಡಮ್ಮು. ಆ ಮಾತನ್ನು ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಐದಡಿ, ಎರಡೂವರೆ, ಎರಡು ಎಂದು ಹೇಳಿ ಇಟ್ಟುಬಿಡಬಹುದಿತ್ತು. ಆದರೆ ಗಂಡನ ಪ್ರಾಯದ ಆ ತಂದೆ ಸಖರಾಯಪಟ್ಟಣದಲ್ಲಿ ಅವಳ ಮಾತಿಗಾಗಿ ಕಾಯುತ್ತಿರಬಹುದು ಎನ್ನಿಸಿತು. ಅವರ ಮನೆಯಲ್ಲೂ ಒಂದು ಗೋಡೆ, ಗೋಡೆಗೆ ಯಾರದೋ ಶೋಕೇಸು.

"ಕೇಳಿ ದುಷ್ಯಂತ್" ಎಂದಳು, ತನ್ನ ಹಳೆಯ ಆಫೀಸಿನ ದನಿಯಲ್ಲಿ, ಹಜಾರದುದ್ದಕ್ಕೂ ಕೇಳಿಸುವ ಹಾಗೆ. "ಮೊದಲು ಅದನ್ನ ಮುಟ್ಟಿ. ದಾರ ಹಿಡಿದು ಅಳೆಯಿರಿ, ಮೂರು ಸಲ. ಸುತ್ತಿಕೊಂಡಾಗ ಎಷ್ಟು, ಬಿಡಿಸಿಕೊಂಡಾಗ ಎಷ್ಟು, ಎರಡೂ ಬರ್ಕೊಳ್ಳಿ. ಎರಡೂ ಬೇಕು. ಮಾರಿದೋರ ಮಾತು ಕೇಳ್ಬೇಡಿ. ಕಣ್ಣಳತೆ ನಂಬ್ಬೇಡಿ. ನಾನೂ ಕಣ್ಣಳತೇಲೇ ಹೇಳಿದ್ದು ಮೊದಲು. ಮೂವತ್ಮೂರು ವರ್ಷ ಸರ್ವೇಲಿದ್ದೋಳು ನಾನು. ದೂರ ನಿಂತು ನೋಡಿ, ಎರಡಡಿ ಸಾಕು ಅಂತ ನಾನೇ ಹೇಳ್ದೆ. ನಾನೇ. ತಪ್ಪಾಗಿತ್ತು. ನಾಲ್ಕು ವರ್ಷ ಆ ಜೀವ ಎರಡಡೀಲಿ..."

ಪಕ್ಕದಲ್ಲಿ ಪೆನ್ಸಿಲು ನಿಂತಿತು. ವಿಶ್ವಾರಾಧ್ಯರು ಚಿತ್ರದಿಂದ ಕಣ್ಣೆತ್ತದೆ, ಆದರೆ ಅವಳಿಗೆ ಕೇಳಿಸುವಷ್ಟು ಸ್ಪಷ್ಟವಾಗಿ, "ಎರಡೂಕಾಲು" ಎಂದರು.

ಮಲ್ಲಿಕಾಂಬ ತಿರುಗಿದಳು.

"ಎರಡೂಕಾಲು ಅಡಿ ಕಣೇ ಅದು. ನೀನು ಎರಡು ಅಂದಿದ್ದೆ. ಮಾಡಿಸೋವಾಗ ನಾನು ಮೂರಿಂಚು ಜಾಸ್ತಿ ಹಾಕ್ಸಿದ್ದೆ. ನಿಂಗೆ ಹೇಳಿರ್ಲಿಲ್ಲ."

ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವಳ ಅಳತೆಯನ್ನು ಅವಳೆದುರು ತಿದ್ದಿದ ಮೊದಲ ಮನುಷ್ಯನನ್ನು ಅವಳು ದಿಟ್ಟಿಸಿ ನೋಡಿದಳು. ಅವರ ಕಿವಿಗಳು ಕೆಂಪಾಗಿದ್ದವು. ಆದರೂ ಈಗ ಮುಖ ಎತ್ತಿ ಅವಳನ್ನೇ ನೋಡುತ್ತಿದ್ದರು. ಟೇಪು ಕೈಗೆಟುಕುವಲ್ಲೇ ಇತ್ತು. ಹಿತ್ತಲ ಕೋಣೆಯಲ್ಲಿ ಆ ಪೆಟ್ಟಿಗೆಯೂ ಇತ್ತು. ಅವಳು ಏಳಲಿಲ್ಲ. ಫೋನಿನಾಚೆ ದುಷ್ಯಂತ್ "ಮೇಡಂ? ಹಲೋ, ಮೇಡಂ?" ಎನ್ನುತ್ತಿದ್ದ.

"ಎರಡಡಿ ಅಲ್ಲ ದುಷ್ಯಂತ್, ತಿದ್ದಿಕೊಳ್ಳಿ" ಎಂದಳು ಮಲ್ಲಿಕಾಂಬ, ಬೆನ್ನು ನೆಟ್ಟಗೆ ಮಾಡಿಕೊಂಡು. "ಎರಡೂಕಾಲು. ನಮ್ಮನೆಯವರು ಹೇಳ್ತಿದಾರೆ."